ನೃಪತುಂಗನ ಕಾಲದ ಒಂದು ಸಂಖ್ಯಾಹಾರ

ರಾಷ್ಟ್ರಕೂಟರ ನೃಪತುಂಗನೆಂದೊಡನೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’. ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಆ ಗ್ರಂಥವು ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನೂ ಹೆಸರಿಸುತ್ತದೆ. ಕೊಪಣವೆಂದರೆ ಇಂದಿನ ಕೊಪ್ಪಳ. ನಾನು ಅದೇ ಸೀಮೆಯ ಹುಲಿಹೈದರದವನು; ತರಗತಿಯಲ್ಲಿ ಆ ಪದ್ಯವನ್ನು ಓದುವಾಗಲೆಲ್ಲ ನನಗೆ ಒಂದಿಷ್ಟು ಹೆಮ್ಮೆ. ಆದರೆ ಅದೇ ಅರಸನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಬರೆದ ‘ಗಣಿತಸಾರಸಂಗ್ರಹ’ವನ್ನು ಸಾಹಿತ್ಯದ ವಿದ್ಯಾರ್ಥಿಗಳು ತೆರೆದು ನೋಡುವುದು ಅಪರೂಪ. ಸಂಸ್ಕೃತ ಪದ್ಯಗಳಲ್ಲಿರುವ ಈ ಗ್ರಂಥದ ಆರಂಭದಲ್ಲಿಯೇ ಅಮೋಘವರ್ಷ ನೃಪತುಂಗನ ಸ್ತುತಿಯಿದೆ.

ಗುಣಾಕಾರದ ಭಾಗದಲ್ಲಿ ಆಚಾರ್ಯನು ಒಂದು ಲೆಕ್ಕ ಕೊಡುತ್ತಾನೆ: 27994681ನ್ನು 441ರಿಂದ ಗುಣಿಸಬೇಕು. ಬರುವ ಉತ್ತರ 12345654321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಇದು. ನಮ್ಮ ಎಣಿಕೆಯಲ್ಲಿ 1234 ಕೋಟಿಗೂ ಮಿಕ್ಕಿದ್ದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು — ಇವೂ ಆ ಜಾತಿಯವೇ.

ಹಾರದ ಮಣಿಗಳು ಹೀಗೆ ಒಪ್ಪವಾಗಿ ಕೂಡಿದ್ದು ಆಕಸ್ಮಿಕವಲ್ಲ. 11ರ ವರ್ಗ 121, 111ರ ವರ್ಗ 12321. ಆರು ಒಂದುಗಳುಳ್ಳ 111111ನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆ ದೊರೆಯುತ್ತದೆ. ಅದರ ಅಂಕಿಗಳನ್ನು ಕೂಡಿದರೆ 36, ಅಂದರೆ ಆರರ ವರ್ಗ. 111111 ಎಂಬುದು 3, 7, 11, 13, 37 ಇವುಗಳ ಗುಣಲಬ್ಧ. ಇವುಗಳಲ್ಲಿ 3 ಮತ್ತು 7ನ್ನು ಬೇರ್ಪಡಿಸಿದರೆ ಒಂದು ಕಡೆ 21, ಇನ್ನೊಂದು ಕಡೆ 5291. ಅವುಗಳ ವರ್ಗಗಳೇ ಆಚಾರ್ಯನು ಕೊಟ್ಟ 441 ಮತ್ತು 27994681! ಒಂಬತ್ತು ಒಂದುಗಳವರೆಗೆ ಈ ಹಾರ ಕೆಡುವುದಿಲ್ಲ. ಹತ್ತನೆಯದು ಸೇರಿದೊಡನೆ ದಶಕ ಪಕ್ಕದ ಮನೆಗೆ ದಾಟಿ ಅಂದ ಕಲಸಿಹೋಗುತ್ತದೆ.

ಈ ಲೆಕ್ಕದಿಂದ ಯಾವ ವ್ಯಾಪಾರಿಗೂ ಲಾಭವಿಲ್ಲ, ಯಾವ ಹೊಲದ ಅಳತೆಯೂ ಆಗುವುದಿಲ್ಲ. ಅಂಥವುಗಳಿಗೆ ಗ್ರಂಥದಲ್ಲಿ ಬೇರೆ ಪ್ರಕರಣಗಳಿವೆ. ಇದು ಕೇವಲ ಚೆಲುವಿಗಾಗಿ ಕಟ್ಟಿದ್ದು. ಕವಿತೆಗೆ ಅಲಂಕಾರವನ್ನು ವಿಧಿಸಿದ ಕಾಲವೇ ಅಂಕಿಗಳಿಗೂ ಆಭರಣ ತೊಡಿಸಿತೆಂಬುದನ್ನು ಮರೆತರೆ, ಆ ಯುಗದ ರಸಿಕತೆಯ ಅರ್ಧವನ್ನಷ್ಟೇ ನಾವು ಕಂಡಂತಾಗುತ್ತದೆ.

1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಈ ಗ್ರಂಥವನ್ನು ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದಿತು. ಹನ್ನೆರಡನೆಯ ಶತಮಾನದಲ್ಲಿಯೇ ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದ ರಾಜಾದಿತ್ಯನೂ ನಮ್ಮವನೇ. ‘ಕವಿರಾಜಮಾರ್ಗ’ವನ್ನು ಓದುವ ವಿದ್ಯಾರ್ಥಿ ಪಕ್ಕದಲ್ಲಿ ಒಂದು ಹಾಳೆಯಿಟ್ಟುಕೊಂಡು ಈ ಗುಣಾಕಾರವನ್ನೂ ಮಾಡಿ ನೋಡಲಿ. ನೃಪತುಂಗನ ನಾಡು ಅವನಿಗೆ ಇನ್ನಷ್ಟು ವಿಶಾಲವಾಗಿ ಕಾಣುವುದು.