ಜೆಪ್ಪುವಿನ ಹೆಂಚು ಮತ್ತು ಒಂದು ಸಮುದಾಯದ ಪುನರ್ಜೀವನ

ನೆಲೆ ತಪ್ಪಿದವರಿಗೆ ಪರಿಹಾರ ಕೊಡುವುದು ಒಂದು ಕೆಲಸ; ಅವರ ಬಾಳನ್ನು ಮತ್ತೆ ಕಟ್ಟಿಕೊಡುವುದು ಇನ್ನೊಂದು. ನಿಟ್ಟೂರಿನವನಾದ ನನಗೆ ಈ ವ್ಯತ್ಯಾಸವನ್ನು ಪುಸ್ತಕದಿಂದ ಕಲಿಯಬೇಕಾಗಿ ಬರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಶರಾವತಿಯಲ್ಲಿ ಮುಳುಗಿದವು. ಊರು ಬಿಟ್ಟ ಕುಟುಂಬಗಳಲ್ಲಿ ಅನೇಕವು ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿವೆ. ಹಾಗಾದರೆ ಒಂದು ಜನಸಮುದಾಯವನ್ನು ಮತ್ತೆ ನೆಲೆಗೊಳಿಸುವುದೆಂದರೇನು? ಈ ಪ್ರಶ್ನೆ ಎದುರಾದಾಗಲೆಲ್ಲ ನನ್ನ ಮನಸ್ಸು ಘಟ್ಟದ ಕೆಳಗಿನ ಮಂಗಳೂರಿನ ಚರಿತ್ರೆಯ ಕಡೆಗೆ ತಿರುಗುತ್ತದೆ.

ಬ್ರಿಟಿಷರಲ್ಲದ ಮಿಷನರಿಗಳಿಗೂ 1833ರ ಸನ್ನದು ಹಿಂದೂಸ್ಥಾನದ ಬಾಗಿಲು ತೆರೆಯಿತು. ಮರುವರ್ಷ, 1834ರ ಅಕ್ಟೋಬರ್ 30ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಅವರು ಬಂದದ್ದು ಮತಪ್ರಚಾರಕ್ಕೆ. ಕಾರ್ಖಾನೆ ಕಟ್ಟಲು ಅಲ್ಲ. ಆದರೆ ಅವರ ಮಾತು ಕೇಳಿ ದೀಕ್ಷೆ ಪಡೆದವರ ಪಾಡು ಅವರನ್ನು ಆ ದಾರಿಗೆ ಎಳೆಯಿತು.

ಆಪತ್ತು ಎಂದೊಡನೆ ನಮಗೆ ನೆರೆ, ಬರ, ಬೆಂಕಿ ನೆನಪಾಗುತ್ತವೆ. ಸಮಾಜವೇ ತಂದೊಡ್ಡುವ ಆಪತ್ತೂ ಉಂಟು. ಅಂದು ಮತಾಂತರಗೊಂಡವನಿಗೆ ಜಾತಿ ತಪ್ಪಿತು. ಜಾತಿಯೊಡನೆ ಮನೆ, ನೆಂಟರು, ಗೇಣಿಯ ಭೂಮಿ, ಕುಲಕಸುಬು ಎಲ್ಲವೂ ತಪ್ಪುವ ಸಂಭವವಿತ್ತು. ಬಂದವರಲ್ಲಿ ಬಿಲ್ಲವರು ಹೆಚ್ಚು. ಕಳ್ಳು ಇಳಿಸುವ ವೃತ್ತಿಯನ್ನು ಮಿಷನ್ ಸಹಿಸುತ್ತಿರಲಿಲ್ಲವಾದ್ದರಿಂದ ಅದನ್ನೂ ಬಿಡಬೇಕಾಯಿತು. ಹೀಗೆ ಪಟ್ಟಣದ ಅಂಚಿನಲ್ಲಿ, ಬಲ್ಮಠದ ಸುತ್ತಮುತ್ತ, ಕೈಯಲ್ಲಿ ಕಸುಬಿಲ್ಲದ ಒಂದು ಬಡ ಸಮುದಾಯ ಬೆಳೆಯಿತು.

ಅನ್ನ ಹಾಕುತ್ತಾ ಹೋಗಬಹುದಿತ್ತು. ಆದರೆ ಅನ್ನಕ್ಕಾಗಿಯೇ ಜನ ಬರುತ್ತಾರೆಂಬ ಅಳುಕು ಮಿಷನ್ನಿಗೇ ಇತ್ತು; ಆದಕಾರಣ ಭಿಕ್ಷೆಗೆ ಬದಲು ದುಡಿಮೆ ಎಂದು ನಿಶ್ಚಯಿಸಿದರು. ಬೇಸಾಯ, ಬಡಗಿತನ, ಗಡಿಯಾರದ ಕೆಲಸ ಇವೇ ಮೊದಲಾದ ಪ್ರಯತ್ನಗಳು ನಡೆದವು. ಬಹಳ ಕಾಲ ಬಾಳಲಿಲ್ಲ. 1851ರಲ್ಲಿ ಹಾಲರ್ ಎಂಬಾತ ನೇಯ್ಗೆಯನ್ನು ವ್ಯವಸ್ಥಿತವಾಗಿ ಆರಂಭಿಸಿದ ಮೇಲೆ ಹಲವು ಮನೆಗಳ ಒಲೆ ಉರಿಯತೊಡಗಿತು. ಖಾಕಿ ಬಣ್ಣದ ಬಟ್ಟೆಯ ಶ್ರೇಯಸ್ಸನ್ನು ಈತನಿಗೇ ಸಲ್ಲಿಸುವುದು ವಾಡಿಕೆ.

ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್ ನದೀತೀರದ ಜೇಡಿಮಣ್ಣನ್ನು ಪರೀಕ್ಷಿಸಿ ನೋಡಿದ. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಹೆಂಚಿಗೆ ಮಾದರಿ ಫ್ರಾನ್ಸಿನದು. ಮಣ್ಣು ಮತ್ತು ಕೈ ನಮ್ಮವು. ಮೊದಲು ಎತ್ತುಗಳ ಬಲ, ಅನಂತರ ಉಗಿಯ ಬಲ. ಗಂಡಸರ ಜೊತೆ ಹೆಂಗಸರೂ ದುಡಿದರು; ಕ್ರೈಸ್ತರಲ್ಲದವರಿಗೂ ಕೆಲಸ ಸಿಕ್ಕಿತು. ಹುಲ್ಲಿನ ಮಾಡು, ಕುಂಬಾರನ ನಾಡಹೆಂಚುಗಳನ್ನೇ ನಂಬಿದ್ದ ಮಲೆನಾಡಿನ ಮಳೆಗೆ ಮಂಗಳೂರು ಹೆಂಚು ಎಷ್ಟು ದೊಡ್ಡ ಆಸರೆಯಾಯಿತೆಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಕನ್ನಡ ಅಧ್ಯಾಪಕರಾದ ನಾವು ಬಾಸೆಲ್ ಮಿಷನ್ ಎಂದೊಡನೆ ಮೋಗ್ಲಿಂಗರ 'ಮಂಗಳೂರು ಸಮಾಚಾರ'ವನ್ನು (1843), ಕಿಟ್ಟೆಲರ ನಿಘಂಟನ್ನು (1894) ಸ್ಮರಿಸುತ್ತೇವೆ. ಸ್ಮರಿಸಬೇಕಾದದ್ದೇ. ಆದರೆ ಮಿಷನ್ನಿನ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದ, ಹಾಳೆ ಮಡಿಸಿದ, ರಟ್ಟು ಕಟ್ಟಿದ ಕೈಗಳೂ ಉಂಟಷ್ಟೆ. ಅವುಗಳಲ್ಲಿ ಅನೇಕವು ಈ ಸಮುದಾಯದವು. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಅವಕ್ಕೆ ಒಂದು ಸಾಲೂ ದಕ್ಕಿಲ್ಲ.

ಇದು ಕೇವಲ ಗುಣಗಾನವಾಗಬಾರದು. ಕೆಲಸ ಕೊಡುವ ಯಜಮಾನ ಮತ್ತು ಆತ್ಮದ ಚಿಂತೆ ಮಾಡುವ ಗುರು ಒಂದೇ ಸಂಸ್ಥೆಗೆ ಸೇರಿದಾಗ ಬಡವನ ಸ್ವಾತಂತ್ರ್ಯಕ್ಕೆ ಎಡೆ ಎಷ್ಟು? ವ್ಯಾಪಾರಕ್ಕೆಂದು 1859ರಲ್ಲಿ ಬೇರೆ ಕಂಪನಿಯನ್ನೇ ಸ್ಥಾಪಿಸಿದರು. ಅದರ ಲಾಭ ಮಿಷನ್ನಿನ ಕಾರ್ಯಕ್ಕೆ ಒದಗುತ್ತಿತ್ತು. ಹೆಂಚು ಮಾಡಿದವನು ಕೂಲಿ ಪಡೆದನೇ ಹೊರತು ಒಡೆಯನಾಗಲಿಲ್ಲ. ಮತಾಂತರವನ್ನು ಒಪ್ಪದ ಓದುಗರು ಈ ಉಪಕಾರದ ಉದ್ದೇಶವನ್ನೂ ಪ್ರಶ್ನಿಸಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ಉಸಿರಿನಲ್ಲಿ, ಅವರನ್ನು ಮನೆಯಿಂದ ಹೊರಗೆ ಹಾಕಿದವರು ಯಾರೆಂಬುದನ್ನೂ ಕೇಳಿಕೊಳ್ಳಬೇಕು.

ನಿಜವಾದ ಪರೀಕ್ಷೆ ಬಂದದ್ದು 1914ರಲ್ಲಿ. ಮಹಾಯುದ್ಧ ಆರಂಭವಾದೊಡನೆ ಜರ್ಮನ್ ಮಿಷನರಿಗಳು ಶತ್ರುದೇಶದವರಾದರು. ಅವರನ್ನು ಬಂಧನದಲ್ಲಿಟ್ಟು, ಅನಂತರ ದೇಶದಿಂದಲೇ ಕಳುಹಿಸಿದರು. ಕಾರ್ಖಾನೆಗಳು ಸರಕಾರದ ವಶವಾಗಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷಗಳ ಆಸರೆ ಇದ್ದಕ್ಕಿದ್ದಂತೆ ಕಳಚಿತು. ಆದರೂ ಸಮುದಾಯ ಚದರಿಹೋಗಲಿಲ್ಲ. ಊರಿನ ಬೋಧಕರು, ಉಪಾಧ್ಯಾಯರು ಸಭೆಗಳನ್ನೂ ಶಾಲೆಗಳನ್ನೂ ನಡೆಸಿದರು. ಮಗ್ಗ, ಮೊಳೆ, ಆವಿಗೆಗಳ ವಿದ್ಯೆ ಆ ವೇಳೆಗೆ ಜನರ ಕೈಗೆ ಬಂದಿತ್ತು. ಹೆಂಚಿನ ಉದ್ಯಮ ಮಿಷನ್ನಿನ ಆವರಣ ದಾಟಿ ಊರಿನ ಇತರ ಮತದ ಉದ್ಯಮಿಗಳಿಗೂ ಹರಡಿತ್ತು.

ಇಂದು ಕಾಂಕ್ರೀಟಿನ ತಾರಸಿಯ ಕಾಲ. ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಹಲವು ಮುಚ್ಚಿವೆ. ಕಾರ್ಖಾನೆಗೆ ಒಂದು ಆಯುಸ್ಸಿರುವುದು ಸಹಜ. ನೊಂದವರಿಗೆ ನೆರವಾಗುವ ಸರಕಾರವಾಗಲಿ, ಮಠವಾಗಲಿ, ಮಿಷನ್ನಾಗಲಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಳೆ ನಾವು ಇಲ್ಲವಾದರೆ ಇವರು ನಿಲ್ಲಬಲ್ಲರೇ? 1914ರಲ್ಲಿ ಮಂಗಳೂರಿನ ಆ ಬಡಜನ ನಿಂತರು.