ವೆನಿಸ್ಸಿಗೆ ಮೆಟ್ಟಿಲುಗಳು ಬಂದ ಬಗೆ

ವೆನಿಸ್ಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಬಹುಪಾಲು ಸೇತುವೆಗಳಿಗೆ ಎರಡೂ ಕಡೆ ಮೆಟ್ಟಿಲು. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಇಂಥ ಊರಿನಲ್ಲಿ ಒಂದೊಂದು ದ್ವೀಪವೂ ಒಂದೊಂದು ಕೋಣೆಯಂತೆ. ಸುತ್ತ ಮೂರು ಮಾರು ಅಗಲದ ಕಾಲುವೆ, ಆಚೆ ದಡದಲ್ಲೇ ಕಣ್ಣಿಗೆ ಕಾಣುವ ಔಷಧದಂಗಡಿ, ಆದರೆ ಅಲ್ಲಿಗೆ ಹೋಗಲು ದಾರಿಯಿಲ್ಲ. ಇದಕ್ಕೆ ಎಲ್ಲರೂ ಕೊಡುವ ಸಮಾಧಾನ ಒಂದೇ: ಊರು ಕಟ್ಟಿದ್ದೇ ಹಾಗೆ, ಸಾವಿರ ವರ್ಷದ ಹಿಂದಿನವರು ಗಾಲಿಕುರ್ಚಿಯನ್ನು ಕನಸಿನಲ್ಲೂ ಕಂಡಿರಲಿಲ್ಲ. ಕೇಳಲು ಸರಿಯೆನಿಸುವ ಈ ಮಾತನ್ನು ಊರಿನ ಚರಿತ್ರೆ ಒಪ್ಪುವುದಿಲ್ಲ. ವೆನಿಸ್ಸನ್ನು ಮೆಟ್ಟಿಲು ಹತ್ತಿ ಇಳಿಯುವವರಿಗಾಗಿ ಕಟ್ಟಿರಲಿಲ್ಲ, ದೋಣಿಯಲ್ಲಿ ಸಾಗುವವರಿಗಾಗಿ ಕಟ್ಟಿದ್ದರು. ಅದು ಕಾಲ್ನಡಿಗೆಯ ಊರಾದದ್ದು ಬಹಳ ಈಚೆಗೆ, ದಿನಾಂಕ ಸಮೇತ ಗುರುತಿಸಬಹುದಾದ ಕೆಲವು ತೀರ್ಮಾನಗಳಿಂದ.

ಮೊದಲ ಸೇತುವೆಗಳನ್ನು ಮರದಿಂದ ಕಟ್ಟಿದ್ದರು. ಅವು ಸಪಾಟಾಗಿದ್ದವು, ಮೆಟ್ಟಿಲಿರಲಿಲ್ಲ. ಕಾರಣ ಸರಳ: ಮಧ್ಯಯುಗದ ವೆನಿಸ್ಸಿನಲ್ಲಿ ಕುದುರೆಗಳು ಓಡಾಡುತ್ತಿದ್ದವು. ಸಂತ ಮಾರ್ಕನ ಚೌಕದ ಹಳೆಯ ಗಂಟೆಗೋಪುರದೊಳಗೆ ಮೇಲೇರುವ ಹಾದಿಯೂ ಇಳಿಜಾರಾಗಿಯೇ ಇತ್ತು. ಗ್ರ್ಯಾಂಡ್ ಕೆನಾಲಿನ ಮೇಲಿನ ರಿಯಾಲ್ಟೊ ಸೇತುವೆ ಮೊದಲು ದೋಣಿಗಳ ಸಾಲಿನ ಮೇಲೆ ಹಲಗೆ ಹಾಸಿದ್ದಾಗಿತ್ತು, ಆಮೇಲೆ ಮರದ್ದಾಯಿತು, 1444ರಲ್ಲಿ ಮೆರವಣಿಗೆ ನೋಡಲು ನೆರೆದ ಜನರ ಭಾರಕ್ಕೆ ಕುಸಿಯಿತು, 1524ರಲ್ಲಿ ಮತ್ತೆ ಬಿತ್ತು. ಕಾರ್ಪಾಚ್ಯೊ 15ನೇ ಶತಮಾನದ ಕೊನೆಯಲ್ಲಿ ಬರೆದ ಚಿತ್ರದಲ್ಲಿ ಆ ಮರದ ಸೇತುವೆಯನ್ನು ಇಂದಿಗೂ ನೋಡಬಹುದು. ದೊಡ್ಡ ಹಡಗುಗಳು ಬಂದಾಗ ನಡುವಿನ ಹಲಗೆಯನ್ನು ಎತ್ತಿ ದಾರಿ ಬಿಡುತ್ತಿದ್ದರು. ಇಂದು ಎಲ್ಲರೂ ಫೋಟೊ ತೆಗೆಯುವ ಕಲ್ಲಿನ ರಿಯಾಲ್ಟೊವನ್ನು ಆಂಟೋನಿಯೊ ದಾ ಪೊಂತೆ 1588ರಿಂದ 1591ರವರೆಗೆ ಕಟ್ಟಿದ. ಒಂದೇ ಕಮಾನು, ಅದರ ಮೇಲೆ ಮೆಟ್ಟಿಲು. ಸಣ್ಣ ಕಾಲುವೆಗಳ ಮೇಲೂ ಹೀಗೆಯೇ ಮರ ಹೋಗಿ ಇಟ್ಟಿಗೆ ಕಲ್ಲುಗಳ ಕಮಾನು ಬಂತು. ದೋಣಿಯವನು ನಿಂತು ಹುಟ್ಟು ಹಾಕುವವನಾದ್ದರಿಂದ ಕಮಾನು ಎತ್ತರವಿರಲೇಬೇಕು. ದಡದಲ್ಲಿ ಮನೆಗಳು ಒತ್ತೊತ್ತಾಗಿದ್ದುದರಿಂದ ಉದ್ದದ ಇಳಿಜಾರಿಗೆ ಜಾಗವಿರಲಿಲ್ಲ. ಕುದುರೆಗಳೂ ಊರಿನಿಂದ ಮರೆಯಾಗುತ್ತಿದ್ದವು. ಎತ್ತರವನ್ನು ಕಡಿಮೆ ಜಾಗದಲ್ಲಿ ಏರಲು ಮೆಟ್ಟಿಲೇ ಉಪಾಯ. ನೀರಿನ ಮೇಲೆ ಹೋಗುವವನಿಗೆ ಅನುಕೂಲ ಮಾಡಿಕೊಟ್ಟು, ಆ ಬೆಲೆಯನ್ನು ನೆಲದ ಮೇಲೆ ನಡೆಯುವವನಿಂದ ವಸೂಲು ಮಾಡಿದ ಏರ್ಪಾಡು ಇದು.

ಆ ಕಾಲಕ್ಕೆ ಈ ಬೆಲೆ ದುಬಾರಿಯಾಗಿ ಕಾಣಲಿಲ್ಲ, ಯಾಕೆಂದರೆ ಊರಿನ ನಿಜವಾದ ಬೀದಿ ನೀರೇ ಆಗಿತ್ತು. ವೆನಿಸ್ಸಿನ ಹಳೆಯ ದೊಡ್ಡ ಮನೆಗಳಿಗೆ ಎರಡು ಬಾಗಿಲು. ಕೆತ್ತನೆ, ಕಂಬ, ಅಲಂಕಾರವೆಲ್ಲ ಕಾಲುವೆ ಕಡೆಯ ಬಾಗಿಲಿಗೆ. ಗಲ್ಲಿಯ ಕಡೆಯದು ಸಾಧಾರಣ. ನಡೆಯಲಾರದ ಮುದುಕರನ್ನೂ ರೋಗಿಗಳನ್ನೂ ಆ ಬಾಗಿಲಿಂದಲೇ ದೋಣಿಗಿಳಿಸಿ, ಬೇಕಾದ ಮನೆಯ ಬಾಗಿಲಿಗೇ ಮುಟ್ಟಿಸಬಹುದಿತ್ತು. ದೋಣಿ ಇದ್ದದ್ದು ಉಳ್ಳವರಿಗೆ, ಕೂಲಿಯವನಿಗೆ ಎಲ್ಲಿತ್ತು ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಹಳೆಯ ವೆನಿಸ್ ಕಾಲಿಲ್ಲದ ಬಡವನನ್ನು ಕೈಹಿಡಿದು ನಡೆಸಿತು ಎಂದು ನಾನು ಹೇಳುತ್ತಿಲ್ಲ. ಆದರೂ ಚಿಲ್ಲರೆ ಕಾಸಿಗೆ ಆಚೆ ದಡ ದಾಟಿಸುವ ಕಡವುಗಳು ಗ್ರ್ಯಾಂಡ್ ಕೆನಾಲಿನ ಉದ್ದಕ್ಕೂ ಇದ್ದವು. 1854ರ ತನಕ ಆ ದೊಡ್ಡ ಕಾಲುವೆಯ ಮೇಲೆ ಇದ್ದದ್ದು ರಿಯಾಲ್ಟೊ ಒಂದೇ. ಉಳಿದೆಡೆ ದಾಟಬೇಕೆಂದರೆ ಕಾಲು ಗಟ್ಟಿಯಿದ್ದವನೂ ದೋಣಿಯಲ್ಲೇ ಕೂರಬೇಕಿತ್ತು. ಆ ಮಟ್ಟಿಗೆ ನಡೆಯಬಲ್ಲವನೂ ನಡೆಯಲಾರದವನೂ ಸಮಾನರು.

ಈ ಸಮಾನತೆ ಮುರಿದದ್ದು 19ನೇ ಶತಮಾನದಲ್ಲಿ. ನೆಪೋಲಿಯನ್ನನ ಆಡಳಿತದಲ್ಲಿ ಒಂದು ಕಾಲುವೆಯನ್ನು ಮುಚ್ಚಿ ಇಂದಿನ ವಿಯಾ ಗರಿಬಾಲ್ಡಿ ಬೀದಿ ಮಾಡಿದರು. ಅಂಥ ಮುಚ್ಚಿದ ಕಾಲುವೆಗಳು ಊರಿನ ತುಂಬ ಇವೆ. 1846ರಲ್ಲಿ ರೈಲು ಸೇತುವೆ ಬಂದು, ದ್ವೀಪನಗರ ಮೊದಲ ಬಾರಿಗೆ ನೆಲಕ್ಕೆ ಅಂಟಿಕೊಂಡಿತು. ರೈಲಿಳಿದವರು ನಡೆದೇ ಊರೊಳಕ್ಕೆ ಹೋಗಬೇಕಲ್ಲ! ಅಕಾಡೆಮಿಯಾ ಬಳಿ 1854ರಲ್ಲಿ, ಸ್ಕಾಲ್ಸಿ ಬಳಿ 1858ರಲ್ಲಿ ಆಲ್ಫ್ರೆಡ್ ನೆವಿಲ್ ಕಟ್ಟಿದ ಕಬ್ಬಿಣದ ಸೇತುವೆಗಳು ಎದ್ದವು. 1871ರಲ್ಲಿ ಮನೆಗಳ ನಡುವೆ ಸ್ತ್ರಾದಾ ನೋವಾ ಎಂಬ ನೇರ ಬೀದಿ ಕೊರೆದರು. ನೆವಿಲ್ಲನ ಸೇತುವೆಗಳ ನಡುಭಾಗ ಸಪಾಟಾಗಿಯೂ ತಗ್ಗಾಗಿಯೂ ಇತ್ತು. 1881ರಲ್ಲಿ ಓಡಾಟ ಶುರುಮಾಡಿದ ವಪೊರೆತ್ತೊ ಎಂಬ ಆವಿದೋಣಿಗಳಿಗೆ ಅವು ಅಡ್ಡಿಯಾದವು. ಅವನ್ನು ಕಿತ್ತು 1933-34ರಲ್ಲಿ ಎಂಜಿನಿಯರ್ ಯೂಜೆನಿಯೊ ಮಿಯೊತ್ಸಿ ಎತ್ತರದ ಕಮಾನು ಕಟ್ಟಿದ: ಅಕಾಡೆಮಿಯಾದಲ್ಲಿ ಮರದ್ದು, ಸ್ಕಾಲ್ಸಿಯಲ್ಲಿ ಕಲ್ಲಿನದು. ಎರಡಕ್ಕೂ ಉದ್ದನೆಯ ಮೆಟ್ಟಿಲು. ನೋಡುವವರು ಪುರಾತನವೆಂದು ತಿಳಿಯುವ ಈ ಮೆಟ್ಟಿಲುಗಳಿಗೆ ನೂರು ವರ್ಷವೂ ತುಂಬಿಲ್ಲ.

ಪರಂಪರೆಯನ್ನು ಕೆಡಿಸಬಾರದು ಎಂಬ ಆಕ್ಷೇಪವನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. 1987ರಿಂದ ಊರಿಡೀ ಯುನೆಸ್ಕೊ ಪಟ್ಟಿಯಲ್ಲಿದೆ, ಕಾಳಜಿ ಸಹಜ. ಆದರೆ ಯಾವ ಕಾಲದ ಸೇತುವೆಯನ್ನು ಕಾಪಾಡಬೇಕು? ಒಂದು ಕಾಲಕ್ಕೆ ಇಲ್ಲಿನ ಸೇತುವೆಗಳಿಗೆ ಬದಿಯ ತಡೆಗೋಡೆಯೂ ಇರಲಿಲ್ಲ. ಕನ್ನರೇಜೊ ಭಾಗದ ಕಿಯೋದೊ ಸೇತುವೆಯಂಥ ಒಂದೆರಡು ಮಾತ್ರ ಹಾಗೇ ಉಳಿದಿವೆ. ಜನ ನೀರಿಗೆ ಬೀಳದಿರಲಿ ಎಂದು ಉಳಿದವಕ್ಕೆಲ್ಲ ತಡೆಗೋಡೆ ಕೂಡಿಸಿದಾಗ ಪರಂಪರೆ ಕೆಡಲಿಲ್ಲ. 1902ರಲ್ಲಿ ಕುಸಿದ ಗಂಟೆಗೋಪುರವನ್ನು ಮೊದಲಿದ್ದಂತೆಯೇ ಮೊದಲಿದ್ದಲ್ಲೇ ಕಟ್ಟುವ ಹಟ ತೊಟ್ಟು 1912ರಲ್ಲಿ ಮುಗಿಸಿದರು. ಇಂದು ಜನ ಅದನ್ನು ಏರುವುದು ಲಿಫ್ಟಿನಲ್ಲಿ. ಪರಂಪರೆಯ ಮಾತಿಗಿಂತ ಗಟ್ಟಿಯಾದದ್ದು ಎಂಜಿನಿಯರುಗಳ ಆಕ್ಷೇಪ. ಒಂದೂವರೆ ಮೀಟರ್ ಏರಲು, ಹನ್ನೆರಡಕ್ಕೆ ಒಂದರ ಇಳಿಜಾರಿನ ಲೆಕ್ಕದಲ್ಲಿ, ಒಂದೊಂದು ಬದಿಗೂ 18 ಮೀಟರ್ ಬೇಕು. ಕಾಲುವೆ ದಂಡೆಯೇ ಎರಡಾಳು ಅಗಲವಿರುವಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಎಲ್ಲ ಸೇತುವೆಗಳಿಗೂ ಇಳಿಜಾರು ಹಾಕಲಾಗದು, ನಿಜ. ಆದರೆ ಸಾಮಾನು ಸಾಗಿಸಬೇಕಾದಾಗ ಊರು ಕೈಕಟ್ಟಿ ಕೂತಿಲ್ಲ. ಇಲ್ಲಿನ ಹಮಾಲರ ತಳ್ಳುಗಾಡಿಯ ಮುಂತುದಿಯಲ್ಲಿ ಎರಡು ಪುಟ್ಟ ಚಕ್ರಗಳಿರುತ್ತವೆ. ಅವನ್ನು ಮೇಲಿನ ಮೆಟ್ಟಿಲಿಗೆ ಆನಿಸಿ, ಹಿಂದಿನ ದೊಡ್ಡ ಚಕ್ರವನ್ನು ಒಂದೊಂದೇ ಮೆಟ್ಟಿಲು ಎಳೆದೇರಿಸುತ್ತಾರೆ. ವರ್ಷಕ್ಕೊಮ್ಮೆ ಅಕ್ಟೋಬರಿನ ಮ್ಯಾರಥಾನ್ ಓಟಗಾರರಿಗಾಗಿ ದಾರಿಯ ಸೇತುವೆಗಳ ಮೇಲೆ ತಾತ್ಕಾಲಿಕ ಇಳಿಜಾರು ಜೋಡಿಸುತ್ತಾರೆ. ಓಟ ಮುಗಿದ ಮೇಲೂ ಅವನ್ನು ಕೆಲವು ತಿಂಗಳು ಹಾಗೇ ಬಿಡುವ ರೂಢಿ ಬೆಳೆದು, ಗಾಲಿಕುರ್ಚಿಯವರು ಅಷ್ಟು ದಿನ ಆ ದಾರಿಯಲ್ಲಿ ಸಲೀಸಾಗಿ ಓಡಾಡುವಂತಾಯಿತು. ಇಟ್ಟಾಗ ಸೇತುವೆ ಕುಸಿಯಲಿಲ್ಲ, ತೆಗೆದಾಗ ಕಲ್ಲಿಗೆ ಗಾಯವಾಗಲಿಲ್ಲ.

ಹಳಬರ ಮೇಲೆ ಹೊಣೆ ಹೊರಿಸುವ ವಾದ ಪೂರ್ತಿ ಸೋಲುವುದು 2008ರಲ್ಲಿ ತೆರೆದ ಸಂವಿಧಾನ ಸೇತುವೆಯ ಮುಂದೆ. ಸಾಂತಿಯಾಗೊ ಕಲಾತ್ರಾವ ರಚಿಸಿದ ಈ ಸೇತುವೆ ರೈಲು ನಿಲ್ದಾಣದ ದಡವನ್ನೂ ಬಸ್ಸುಗಳು ಬಂದು ನಿಲ್ಲುವ ಪಿಯಾತ್ಸಾಲೆ ರೋಮಾವನ್ನೂ ಜೋಡಿಸುತ್ತದೆ. ಸಾರ್ವಜನಿಕ ಕಟ್ಟಡಗಳ ಅಡೆತಡೆ ನಿವಾರಣೆಗೆ ಯೋಜನೆ ಮಾಡಬೇಕೆಂದು ಇಟಲಿಯ ಕಾನೂನು ಹೇಳಿದ್ದು 1986ರಲ್ಲಿ. ಇಪ್ಪತ್ತೆರಡು ವರ್ಷ ಕಳೆದು ತೆರೆದ ಹೊಚ್ಚಹೊಸ ಸೇತುವೆಗೂ ಮೆಟ್ಟಿಲು! ಪ್ರತಿಭಟನೆಯ ನಂತರ ಪಕ್ಕದಲ್ಲಿ ಹಳಿ ಹಾಕಿ, ಮೊಟ್ಟೆಯಾಕಾರದ ಕೋಶವೊಂದನ್ನು ಓಡಿಸಿದರು. ಅದು ಆಮೆನಡಿಗೆಯದು, ಬೇಸಿಗೆಯಲ್ಲಿ ಒಳಗೆ ಬೇಯುವಷ್ಟು ಸೆಕೆ, ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. 2020ರಲ್ಲಿ ಅದನ್ನು ಕಿತ್ತುಹಾಕಿದರು. ಇನ್ನು ಕೆಲವು ಹಳೆಯ ಸೇತುವೆಗಳಿಗೆ ಹಾಕಿದ್ದ ಯಂತ್ರದ ಏಣಿಕುರ್ಚಿಗಳ ಗತಿಯೂ ಬೇರೆಯಾಗಲಿಲ್ಲ. ಮೂಲ ನಕ್ಷೆಯಲ್ಲಿ ಜಾಗ ಕೊಡದೆ ಕೊನೆಗೆ ಯಂತ್ರ ತಗುಲಿಸುವ ಈ ಪದ್ಧತಿಯ ಮೇಲೆ ನನಗೆ ಸ್ವಲ್ಪವೂ ನಂಬಿಕೆಯಿಲ್ಲ.

ನಂಬಿಕೆ ಇರುವುದು ನೀರಿನ ಮೇಲೆ. ವಪೊರೆತ್ತೊ ನಿಲ್ಲುವ ಜೆಟ್ಟಿ ತೇಲುವಂಥದ್ದು; ಉಬ್ಬರಕ್ಕೆ ದೋಣಿಯ ಜೊತೆಗೇ ಏರಿ, ಇಳಿತಕ್ಕೆ ಜೊತೆಗೇ ಇಳಿಯುತ್ತದೆ. ನಾವಿಕ ಹಗ್ಗ ಬಿಗಿದು ಕಂಬಿಬಾಗಿಲು ಸರಿಸಿದರೆ ಕುರ್ಚಿ ಹೆಚ್ಚು ಕಡಿಮೆ ಸಮತಟ್ಟಾಗಿ ಒಳಗುರುಳುತ್ತದೆ. ಹೀಗೆ ಊರಿನ ಬಹುಭಾಗವನ್ನು ಒಂದೂ ಮೆಟ್ಟಿಲು ಹತ್ತದೆ ಮುಟ್ಟಬಹುದು. ಹಾಗಿದ್ದರೆ ಸಾಕಲ್ಲ, ಸೇತುವೆ ತಿದ್ದುವುದೇಕೆ ಎಂದರೆ, ಪ್ರವಾಸಿಗೆ ಸಾಕು, ಅಲ್ಲೇ ಬಾಳುವವರಿಗೆ ಸಾಲದು. ಅವರಿಗೆ ಬೇಕಾದದ್ದು ಚೌಕಗಳ ದರ್ಶನವಲ್ಲ. ರೊಟ್ಟಿ, ವೈದ್ಯರು, ನೆರೆಮನೆಯ ಹರಟೆ. ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನರಿದ್ದರು, 2022ರ ಹೊತ್ತಿಗೆ 50,000ಕ್ಕೂ ಕೆಳಗಿಳಿದರು. ಮನೆ ಬಾಡಿಗೆ, ಉದ್ಯೋಗ, ಪ್ರವಾಸಿಗರ ದಟ್ಟಣೆ ಇದಕ್ಕೆ ಮುಖ್ಯ ಕಾರಣಗಳು. ಆದರೂ ಉಳಿದವರಲ್ಲಿ ವಯಸ್ಸಾದವರು ಬಹಳ, ಅವರ ಮೊಣಕಾಲಿಗೆ ದಿನವೂ ಎದುರಾಗುವುದು ಮೆಟ್ಟಿಲೇ. ನಾನೂರು ಸೇತುವೆಗಳನ್ನೂ ತಿದ್ದಬೇಕಿಲ್ಲ. ಜೆಟ್ಟಿಯಿರುವ ದ್ವೀಪಕ್ಕೂ ಜೆಟ್ಟಿಯಿಲ್ಲದ ಒಳದ್ವೀಪಕ್ಕೂ ನಡುವೆ ಒಂದೊಂದು ಸೇತುವೆ ಆರಿಸಿಕೊಂಡು, ಮ್ಯಾರಥಾನಿನ ಇಳಿಜಾರನ್ನೇ ಅಲ್ಲಿ ವರ್ಷವಿಡೀ ನಿಲ್ಲಿಸಿದರೆ, ಒಳದ್ವೀಪದ ಬಾಗಿಲು ಮತ್ತೆ ನೀರಿನ ಕಡೆಗೆ ತೆರೆಯುತ್ತದೆ. ಮೊದಲಿಗೆ ಆಯ್ಕೆಯಾಗಬೇಕಾದವು ಆಸ್ಪತ್ರೆಗೂ ಶಾಲೆಗೂ ಮಾರುಕಟ್ಟೆಗೂ ಹೋಗುವ ದಾರಿಯ ಸೇತುವೆಗಳು.