ಒಂದೇ ಟಿಕೆಟ್ಟಿನ ಬೆಲೆ: ಸಾಂಗ್ಲಿ–ಮಿರಜ್‌ನಿಂದ ಕಂಡ ವಿಮಾನಯಾನ

ಮಿರಜ್ ಸ್ಟೇಷನ್ನಿಗೆ ಒಂದು ಕಾಲದಲ್ಲಿ ಮೂರು ಅಳತೆಯ ಹಳಿಗಳು ಬಂದು ಕೂಡುತ್ತಿದ್ದವು. ಪುಣೆ ಕಡೆಯಿಂದ ಬ್ರಾಡ್‌ಗೇಜ್, ಲೋಂಡಾ–ಹುಬ್ಬಳ್ಳಿ ಕಡೆಯಿಂದ ಮೀಟರ್‌ಗೇಜ್, ಪಂಢರಪುರ–ಲಾತೂರ್ ಕಡೆಯಿಂದ ಬಾರ್ಶಿ ಲೈಟ್ ರೈಲ್ವೆಯ ನ್ಯಾರೋಗೇಜ್. 1970ರ ದಶಕದ ಆರಂಭದಲ್ಲಿ ಪುಣೆಯ ಹಳಿ ಅಗಲವಾಯಿತು. ದಕ್ಷಿಣದ ಹಳಿ ಅಗಲವಾಗಲು 1990ರ ದಶಕದವರೆಗೆ ಕಾಯಬೇಕಾಯಿತು. ನಡುವಿನ ಆ ವರ್ಷಗಳಲ್ಲಿ ಧಾರವಾಡದಿಂದ ಮುಂಬೈಗೆ ಹೊರಟವರು ಮಿರಜ್‌ನಲ್ಲಿ ಇಳಿದು, ಗಂಟುಮೂಟೆಯನ್ನು ಹಮಾಲರ ತಲೆಗೇರಿಸಿ ಇನ್ನೊಂದು ಗಾಡಿ ಹಿಡಿಯುತ್ತಿದ್ದರು. ಗಾಡಿ ಬದಲಾದರೂ ಕೈಯಲ್ಲಿದ್ದ ಟಿಕೆಟ್ ಒಂದೇ. ಧಾರವಾಡದ ಕಿಟಕಿಯಲ್ಲಿ ಕೊಟ್ಟ ಆ ರಟ್ಟಿನ ಚೂರು ಮುಂಬೈವರೆಗೂ ನಡೆಯುತ್ತಿತ್ತು.

ವಿಮಾನಯಾನದಲ್ಲಿ ಇಂಥ ಒಂದೇ ಟಿಕೆಟ್ ಸಿಗುವುದು ಸಾಂಗ್ಲಿ–ಮಿರಜ್‌ನವರಿಗೆ ಇಂದಿಗೂ ಸುಲಭವಲ್ಲ. ಅವಳಿ ನಗರಕ್ಕೆ ವಿಮಾನ ನಿಲ್ದಾಣವಿಲ್ಲ. ತಾಸಗಾಂವ್ ರಸ್ತೆಯ ಕವಲಾಪುರದಲ್ಲಿ ಹಳೆಯ ಓಡುದಾರಿಯ ಜಾಗವಿದೆ, ಅಲ್ಲಿ ನಿಲ್ದಾಣ ಆಗಬೇಕೆಂಬ ಬೇಡಿಕೆಯೂ ಹಳೆಯದೇ. ಸದ್ಯಕ್ಕೆ ಕೊಲ್ಲಾಪುರದ ಉಜಳಾಯಿವಾಡಿ ನಿಲ್ದಾಣ ಸುಮಾರು 50 ಕಿಲೋಮೀಟರ್, ಬೆಳಗಾವಿಯ ಸಾಂಬ್ರಾ ಅದರ ಎರಡೂವರೆ ಪಟ್ಟು ದೂರ, ಪುಣೆ 230ಕ್ಕೂ ಹೆಚ್ಚು, ಮುಂಬೈ ಒಂದು ರಾತ್ರಿಯ ಪ್ರಯಾಣ. ಆದರೂ ಇಲ್ಲಿಂದ ವಿಮಾನ ಹತ್ತುವವರು ಕಡಿಮೆಯೇನಲ್ಲ. 1947ರಲ್ಲಿ ಶುರುವಾದ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕ ಸೇರಿದವರ ತಂದೆತಾಯಿ ಇದ್ದಾರೆ. ಮಿರಜ್‌ನ ಆಸ್ಪತ್ರೆಗಳ ವೈದ್ಯರಿದ್ದಾರೆ. ವಿಟಾ, ಆಟಪಾಡಿ ಕಡೆಯಿಂದ ಹೊರಟು ದೇಶದ ಊರೂರಿನಲ್ಲಿ ಬೆಳ್ಳಿಬಂಗಾರ ಕರಗಿಸಿ ಶುದ್ಧ ಮಾಡುವ ಗಲಾಯಿ ಕೆಲಸದ ಕುಟುಂಬಗಳಿವೆ. ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ ಬೆಂಗಳೂರಿನ ಕಂಪನಿ ಸೇರಿದ ಹುಡುಗರಿದ್ದಾರೆ. ಮೈಲ್ಸ್, ಪಾಯಿಂಟ್ಸ್, ಲೌಂಜ್ ಎಂಬ ಮಾತುಗಳು ಇವರ ಮನೆಗಳಿಗೂ ಬಂದಿವೆ. ಈ ವ್ಯವಸ್ಥೆ ಬೆಳೆದುಬಂದ ದಾರಿಯನ್ನು ನೋಡಿದರೆ ಅದು ಯಾರನ್ನು ಮನಸ್ಸಿನಲ್ಲಿಟ್ಟು ಹುಟ್ಟಿತು, ನಮ್ಮವರಿಗೆ ಅದರಲ್ಲಿ ದಕ್ಕುವುದೆಷ್ಟು ಎಂಬುದು ತಿಳಿಯುತ್ತದೆ.

ಅಮೆರಿಕದಲ್ಲಿ 1978ರವರೆಗೆ ಯಾವ ಮಾರ್ಗಕ್ಕೆ ಎಷ್ಟು ದರ ಎಂಬುದನ್ನು ಸರ್ಕಾರವೇ ನಿಗದಿ ಮಾಡುತ್ತಿತ್ತು. ಆ ಕಟ್ಟು ಬಿಚ್ಚಿದ ಮೇಲೆ ಕಂಪನಿಗಳ ನಡುವೆ ದರದ ಪೈಪೋಟಿ ಹತ್ತಿತು, ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಲು ಬೇರೆ ಉಪಾಯ ಬೇಕಾಯಿತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್, ಹಾರಿದ ದೂರಕ್ಕೆ ತಕ್ಕಂತೆ ಮೈಲ್ಸ್ ಜಮೆ ಮಾಡಿ ಅವಕ್ಕೆ ಬದಲಾಗಿ ಸೀಟು ಕೊಡುವ 'ಎಅಡ್ವಾಂಟೇಜ್' ಕಾರ್ಯಕ್ರಮ ಆರಂಭಿಸಿತು. ಅದರ ಬಳಿ ಐಬಿಎಂ ಜೊತೆ ಕೂಡಿ ಕಟ್ಟಿದ 'ಸೇಬರ್' ಎಂಬ ಬುಕಿಂಗ್ ಕಂಪ್ಯೂಟರ್ ವ್ಯವಸ್ಥೆ ಇತ್ತು. ಅದರಲ್ಲಿ ಮತ್ತೆ ಮತ್ತೆ ಬರುವ ಫೋನ್ ನಂಬರ್‌ಗಳನ್ನು ಹುಡುಕಿ, ಅವೇ ಪದೇ ಪದೇ ಹಾರುವವರ ನಂಬರ್ ಎಂದು ಗುರುತಿಸಿ ಮೊದಲ ಸದಸ್ಯರನ್ನು ಆರಿಸಿದರು. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ತನ್ನ ಕಾರ್ಯಕ್ರಮ ಪ್ರಕಟಿಸಿತು. ವಿಮಾನಕ್ಕೆ ಕಾಯುವವರು ವಿಶ್ರಮಿಸುವ ಲೌಂಜ್ ಇನ್ನೂ ಹಳೆಯದು. ನ್ಯೂಯಾರ್ಕಿನ ಲಾಗಾರ್ಡಿಯಾದಲ್ಲಿ ಅದೇ ಅಮೆರಿಕನ್ ಕಂಪನಿ 1939ರಲ್ಲಿ ತೆರೆದ ಅಡ್ಮಿರಲ್ಸ್ ಕ್ಲಬ್ ವಿಮಾನ ಕಂಪನಿಯೊಂದರ ಮೊದಲ ಲೌಂಜ್. ಕೊಲ್ಲಾಪುರದಲ್ಲಿ ಛತ್ರಪತಿ ರಾಜಾರಾಮ ಮಹಾರಾಜರ ಕಾಲದ ವಿಮಾನ ನಿಲ್ದಾಣ ಶುರುವಾದದ್ದೂ ಅದೇ ವರ್ಷ.

ಭಾರತದಲ್ಲಿ 1953ರ ಕಾನೂನಿನಿಂದಾಗಿ ಆಕಾಶ ಸರ್ಕಾರದ್ದೇ ಆಗಿತ್ತು. ಇದ್ದದ್ದು ಎರಡು ಕಂಪನಿ, ಗಿರಾಕಿಯನ್ನು ಒಲಿಸಿಕೊಳ್ಳುವ ಅಗತ್ಯ ಅವುಗಳಿಗೆ ಕಾಣಲಿಲ್ಲ. 1990ರ ದಶಕದಲ್ಲಿ ಖಾಸಗಿಯವರು ಬಂದ ಮೇಲೆ ಪರಿಸ್ಥಿತಿ ತಿರುಗಿತು. ಜೆಟ್ ಏರ್‌ವೇಸ್ 1993ರ ಮೇನಲ್ಲಿ ಹಾರಾಟ ಆರಂಭಿಸಿ ಜೆಟ್‌ಪ್ರಿವಿಲೇಜ್ ಎಂಬ ಮೈಲ್ಸ್ ಕಾರ್ಯಕ್ರಮ ಕಟ್ಟಿತು, ಏರ್ ಇಂಡಿಯಾಕ್ಕೆ ಫ್ಲೈಯಿಂಗ್ ರಿಟರ್ನ್ಸ್ ಬಂತು. 2005ರಲ್ಲಿ ಕಿಂಗ್‌ಫಿಷರ್, ಅದರ ಬೆನ್ನಿಗೆ ಕಿಂಗ್ ಕ್ಲಬ್. ಮುಂಬೈ, ದೆಹಲಿ, ಬೆಂಗಳೂರಿನ ನಡುವೆ ಕಂಪನಿ ಖರ್ಚಿನಲ್ಲಿ ವಾರವಾರ ಓಡಾಡುವ ಅಧಿಕಾರಿಯೇ ಈ ಎಲ್ಲದರ ಗುರಿ.

ಆ ಹೊತ್ತಿನಲ್ಲಿ ನಮ್ಮ ಕಡೆಯವರಿಗೆ ನಿಜವಾಗಿ ಬಾಗಿಲು ತೆರೆದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಅವರು ಆರಂಭಿಸಿದ ಏರ್ ಡೆಕ್ಕನ್‌ನಲ್ಲಿ ಪಾಯಿಂಟ್ಸ್ ಇರಲಿಲ್ಲ, ಲೌಂಜ್ ಇರಲಿಲ್ಲ, ನೀರನ್ನೂ ಕೊಂಡೇ ಕುಡಿಯಬೇಕಿತ್ತು. ಇದ್ದದ್ದು ಕೈಗೆಟಕುವ ದರ ಮತ್ತು ಸಣ್ಣ ಊರಿನ ಓಡುದಾರಿಗೂ ಇಳಿಯಬಲ್ಲ ಎಟಿಆರ್ ವಿಮಾನ. ಭಾರತದ ವಿಮಾನಯಾನಕ್ಕೆ ಅವರಿಂದ ಆದ ಉಪಕಾರ ಎಲ್ಲ ಮೈಲ್ಸ್ ಕಾರ್ಯಕ್ರಮಗಳನ್ನು ಕೂಡಿಸಿದರೂ ಆಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಡೆಕ್ಕನ್ ಕಿಂಗ್‌ಫಿಷರ್ ಕೈಸೇರಿತು. 2012ರ ಫೆಬ್ರವರಿಯಲ್ಲಿ ಒನ್‌ವರ್ಲ್ಡ್ ಎಂಬ ವಿಮಾನ ಕಂಪನಿಗಳ ಒಕ್ಕೂಟ ಸೇರಬೇಕಿದ್ದ ಕಿಂಗ್‌ಫಿಷರ್‌ನ ಸದಸ್ಯತ್ವ ಕೊನೆಗಳಿಗೆಯಲ್ಲಿ ನಿಂತುಹೋಯಿತು, ಅಕ್ಟೋಬರ್‌ನಲ್ಲಿ ವಿಮಾನಗಳೇ ನೆಲಕ್ಕಿಳಿದವು. ಕಿಂಗ್ ಕ್ಲಬ್‌ನ ಮೈಲ್ಸ್ ಅದರೊಂದಿಗೇ ಮುಳುಗಿದವು.

ಜೆಟ್‌ನ ಕಥೆ ಬೇರೆ, ಕಲಿಯಲು ಅದರಲ್ಲೇ ಹೆಚ್ಚಿದೆ. ಅದರ ಮೈಲ್ಸ್ ಕಾರ್ಯಕ್ರಮವನ್ನು ಪ್ರತ್ಯೇಕ ಕಂಪನಿ ಮಾಡಿ 2014ರಲ್ಲಿ ಎತಿಹಾದ್ ವಿಮಾನ ಕಂಪನಿ 50.1 ಪ್ರತಿಶತ ಪಾಲು ಕೊಂಡಿತ್ತು. 2019ರ ಏಪ್ರಿಲ್ 17ರಂದು ಜೆಟ್ ಹಾರಾಟ ನಿಲ್ಲಿಸಿದಾಗ ಆ ಕಂಪನಿ ಉಳಿದುಕೊಂಡು, ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೆಸರು ತಾಳಿತು. ಸದಸ್ಯರ ಖಾತೆಯಲ್ಲಿ ಅಂಕೆಗಳು ಹಾಗೇ ಇದ್ದವು, ಯಾವ ಸೀಟಿಗಾಗಿ ಕೂಡಿಟ್ಟಿದ್ದರೋ ಆ ಸೀಟು ಇರಲಿಲ್ಲ. ಮೈಲ್ಸ್ ಹಾರಾಟಕ್ಕೆ ಅಂಟಿದ ಬಹುಮಾನವಾಗಿ ಉಳಿದಿಲ್ಲ, ಸ್ವತಂತ್ರ ವ್ಯಾಪಾರವಾಗಿದೆ ಎಂಬುದು ಆಗ ಇಲ್ಲಿ ಸ್ಪಷ್ಟವಾಯಿತು. ಮರುವರ್ಷ ಕೊರೋನಾ ಕಾಲದಲ್ಲಿ ಜಗತ್ತೇ ಅದನ್ನು ಕಂಡಿತು. ಯುನೈಟೆಡ್ ತನ್ನ ಮೈಲ್ಸ್ ಕಾರ್ಯಕ್ರಮವನ್ನು ಒತ್ತೆಯಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು, ಡೆಲ್ಟಾ 900 ಕೋಟಿ ಡಾಲರ್ ಎತ್ತಿತು. ಬ್ಯಾಂಕುಗಳು ಕ್ರೆಡಿಟ್ ಕಾರ್ಡ್ ಗಿರಾಕಿಗಳಿಗೆ ಹಂಚಲು ಸಗಟಿನಲ್ಲಿ ಮೈಲ್ಸ್ ಕೊಳ್ಳುತ್ತವೆ. ಆ ನಗದಿನ ಹರಿವೇ ಸಾಲಕ್ಕೆ ಭದ್ರತೆ.

ಬ್ಯಾಂಕಿನ ಕೈ ಬಲವಾದಂತೆ ಲೆಕ್ಕದ ರೀತಿಯೂ ಬದಲಾಯಿತು. ಮೊದಲು ಎಷ್ಟು ದೂರ ಹಾರಿದಿರಿ ಎಂಬುದು ಲೆಕ್ಕ. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್, ಎಷ್ಟು ಹಣ ಕೊಟ್ಟಿರಿ ಎಂಬ ಲೆಕ್ಕಕ್ಕೆ ತಿರುಗಿದವು. ಏರ್ ಇಂಡಿಯಾ 2024ರಲ್ಲಿ ಅದೇ ಹಾದಿ ಹಿಡಿಯಿತು. ಆ ವರ್ಷದ ನವೆಂಬರ್ 12ರಂದು ವಿಸ್ತಾರಾ ಅದರಲ್ಲಿ ವಿಲೀನವಾಗಿ, ಎರಡರ ಕಾರ್ಯಕ್ರಮಗಳೂ ಕೂಡಿ ಮಹಾರಾಜ ಕ್ಲಬ್ ಆಯಿತು. ಹದಿನೆಂಟು ವರ್ಷ ಇಂಥದ್ದೇನೂ ಬೇಡ ಎಂದಿದ್ದ ಇಂಡಿಗೋ ಕೂಡ 2024ರ ಆಗಸ್ಟ್‌ನಲ್ಲಿ ಬ್ಲೂಚಿಪ್ ಪ್ರಕಟಿಸಿತು. ಎರಡು ವರ್ಷಕ್ಕೊಮ್ಮೆ ಮಗಳ ಬಾಣಂತನಕ್ಕೋ ಮೊಮ್ಮಗುವಿನ ಹುಟ್ಟುಹಬ್ಬಕ್ಕೋ ಅಗ್ಗದ ಟಿಕೆಟ್ ಹುಡುಕಿ ಹೊರಡುವ ಸಾಂಗ್ಲಿಯ ದಂಪತಿಗೆ ಹಳೆಯ ಲೆಕ್ಕವೇ ಲಾಭದ್ದಾಗಿತ್ತು. ಅಮೆರಿಕ ದೂರ, ದೂರಕ್ಕೆ ಮೈಲ್ಸ್ ಹೆಚ್ಚು. ಹೊಸ ಲೆಕ್ಕದಲ್ಲಿ ಅಗ್ಗದ ಟಿಕೆಟ್ಟಿಗೆ ಅಗ್ಗದ ಪಾಯಿಂಟ್ಸ್, ಅವೂ ಮುಂದಿನ ಪ್ರಯಾಣದ ಹೊತ್ತಿಗೆ ಅವಧಿ ಮುಗಿಯುವ ಅಪಾಯದಲ್ಲಿರುತ್ತವೆ. ಜೊತೆಗೆ ಹೆಸರಿನ ತೊಡಕು. ನಮ್ಮ ಕಡೆ ಕಾಗದಪತ್ರದಲ್ಲಿ ತಂದೆಯ ಅಥವಾ ಗಂಡನ ಹೆಸರು ನಡುವೆ ಸೇರುತ್ತದೆ, ಒಂದೊಂದು ಕಡೆ ಬಿಟ್ಟುಹೋಗುತ್ತದೆ. ಪಾಸ್‌ಪೋರ್ಟ್, ಟಿಕೆಟ್, ಸದಸ್ಯತ್ವದ ಖಾತೆ ಮೂರರಲ್ಲೂ ಹೆಸರು ಒಂದೇ ರೀತಿ ಇರದಿದ್ದರೆ ಪಾಯಿಂಟ್ಸ್ ಜಮೆಯಾಗದೆ ಹೋಗಬಹುದು.

ಲೌಂಜ್ ವಿಷಯದಲ್ಲೂ ಬ್ಯಾಂಕೇ ಮುಂದೆ. 1992ರಲ್ಲಿ ಶುರುವಾದ ಪ್ರಯಾರಿಟಿ ಪಾಸ್, ಯಾವ ಕಂಪನಿಯ ಟಿಕೆಟ್ ಇದ್ದರೂ ಲೌಂಜ್ ಒಳಗೆ ಹೋಗಬಹುದು ಎಂಬ ಪದ್ಧತಿ ತಂದಿತು. ಭಾರತದಲ್ಲಿ ಅದು ಕಾರ್ಡಿನ ಜೊತೆ ಬರುವ ಸವಲತ್ತಾಗಿ ಹರಡಿತು. ರುಪೇ ಡೆಬಿಟ್ ಕಾರ್ಡನ್ನು 2 ರೂಪಾಯಿಗೆ ಉಜ್ಜಿ ಒಳಗೆ ಹೋಗಿ ಉಪ್ಪಿಟ್ಟು, ಕಾಫಿ ತೆಗೆದುಕೊಳ್ಳಬಹುದು ಎಂದಾಗ ಜನ ಬಂದರು, ದೊಡ್ಡ ನಿಲ್ದಾಣಗಳಲ್ಲಿ ಲೌಂಜ್ ಬಾಗಿಲಿಗೆ ಸರದಿ ಹತ್ತಿತು. ಒಬ್ಬೊಬ್ಬರ ಪ್ರವೇಶಕ್ಕೂ ಹಣ ತೆರುವ ಬ್ಯಾಂಕುಗಳು ಷರತ್ತು ಹಾಕತೊಡಗಿದವು. ಐಸಿಐಸಿಐ ಹಲವು ಕಾರ್ಡುಗಳಿಗೆ 2024ರ ಏಪ್ರಿಲ್‌ನಿಂದ ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚಾಗಿರಬೇಕು ಎಂದಿತು, ಅದೇ ವರ್ಷದ ನವೆಂಬರ್‌ನಲ್ಲಿ 75,000ಕ್ಕೆ ಏರಿಸಿತು. ಬ್ಯಾಂಕು ಮತ್ತು ಲೌಂಜ್‌ಗಳ ನಡುವೆ ಕೊಂಡಿಯಾಗಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿತು.

ನಮ್ಮವರಿಗೆ ಇದರಲ್ಲಿ ಇನ್ನೂ ಒಂದು ಪೇಚಿದೆ. ಸಾಂಗ್ಲಿಯಿಂದ ರಾತ್ರಿ ಬಸ್ ಹತ್ತಿದವರು ನಸುಕಿನಲ್ಲಿ ಮುಂಬೈ ಮುಟ್ಟುತ್ತಾರೆ, ವಿಮಾನ ಮಧ್ಯಾಹ್ನವೋ ರಾತ್ರಿಯೋ ಇರುತ್ತದೆ. ಲೌಂಜ್ ಇರುವುದು ಸಾಮಾನ್ಯವಾಗಿ ಚೆಕ್‌ಇನ್, ಭದ್ರತಾ ತಪಾಸಣೆ ದಾಟಿದ ಮೇಲೆ. ಚೆಕ್‌ಇನ್ ಕೌಂಟರ್ ತೆರೆಯುವುದು ಹೊರಡುವ ಮೂರ್ನಾಲ್ಕು ತಾಸು ಮೊದಲು. ಹೀಗಾಗಿ ಬೆನ್ನು ಚಾಚಲು ಜಾಗ ಬೇಕಾದ ಹೊತ್ತಿನಲ್ಲಿ ಯಾವ ಕಾರ್ಡೂ ಉಪಯೋಗಕ್ಕೆ ಬರುವುದಿಲ್ಲ. ಮಗ ತನ್ನ ಕಾರ್ಡಿನ ಭರವಸೆ ಕೊಟ್ಟು ಕಳಿಸಿದರೂ ಅದು ನಡೆಯುವುದು ಕಾರ್ಡಿನ ಮೇಲೆ ಹೆಸರಿದ್ದವರಿಗೆ ಮಾತ್ರ. ವಯಸ್ಸಾದವರಿಗೆ ವೀಲ್‌ಚೇರ್ ಸಹಾಯ ಲೌಂಜ್‌ಗಿಂತ ದೊಡ್ಡ ಸವಲತ್ತು. ಬುಕಿಂಗ್ ಮಾಡುವಾಗಲೇ ಕೇಳಿ ಪಿಎನ್‌ಆರ್ ಎಂಬ ಬುಕಿಂಗ್ ದಾಖಲೆಯಲ್ಲಿ ಸೇರಿಸಿದರೆ, ಭಾಷೆ ಬಾರದ ದೊಡ್ಡ ನಿಲ್ದಾಣದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಕರೆದೊಯ್ಯಲು ಜನ ಇರುತ್ತಾರೆ.

ಇನ್ನು ಟಿಕೆಟ್. ಕೊಲ್ಲಾಪುರ ವರ್ಷಗಟ್ಟಲೆ ಪ್ರಯಾಣಿಕರ ವಿಮಾನವಿಲ್ಲದೆ ಇದ್ದು, 2018ರಲ್ಲಿ, ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಮತ್ತೆ ಜೀವ ಪಡೆಯಿತು. ಆ ಯೋಜನೆಯಲ್ಲಿ ಸುಮಾರು ಒಂದು ತಾಸಿನ ಹಾರಾಟದ ಒಂದಿಷ್ಟು ಸೀಟುಗಳಿಗೆ 2,500 ರೂಪಾಯಿಯ ಮಿತಿ, ಕಂಪನಿಗೆ ಆಗುವ ಕೊರತೆಗೆ ಮೂರು ವರ್ಷ ಸರ್ಕಾರದ ನೆರವು. ಮಿರಜ್‌ಗೆ ಹತ್ತಿರದ ಜಯಸಿಂಗಪುರದ ಘೋಡಾವತ್ ಸಮೂಹ 2019ರ ಜನವರಿ 25ರಂದು ಬೆಂಗಳೂರು–ಹುಬ್ಬಳ್ಳಿ ನಡುವೆ ಸ್ಟಾರ್ ಏರ್ ಹಾರಿಸಿತು. ನಮ್ಮ ನೆರೆಯ ಊರಿನವರು ಸ್ವಂತ ವಿಮಾನ ಕಂಪನಿ ಕಟ್ಟಿದ್ದು ಸಣ್ಣ ಮಾತಲ್ಲ. 2024ರ ಮಾರ್ಚ್‌ನಲ್ಲಿ ಕೊಲ್ಲಾಪುರಕ್ಕೆ ಹೊಸ ಟರ್ಮಿನಲ್ ಬಂತು. ಆದರೆ ನೆರವಿನ ಅವಧಿ ಮುಗಿದ ಮೇಲೆ ಮಾರ್ಗವೇ ನಿಲ್ಲುವ ಸಾಧ್ಯತೆ ಉಡಾನ್‌ನಲ್ಲಿ ಸದಾ ಇದೆ. ಆರು ತಿಂಗಳ ಮುಂಚೆ ಅಮೆರಿಕದ ಟಿಕೆಟ್ ತೆಗೆಸುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹೆಚ್ಚು ಸದ್ದಿಲ್ಲದೆ. 2018ರ ಡಿಸೆಂಬರ್‌ನಿಂದ ಕೊಲ್ಲಾಪುರವನ್ನು ಹೈದರಾಬಾದ್, ಬೆಂಗಳೂರಿಗೆ ಜೋಡಿಸಿದ್ದ ಅಲಯನ್ಸ್ ಏರ್ ಆಗ ಏರ್ ಇಂಡಿಯಾದ ಅಂಗಸಂಸ್ಥೆ. 2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಪಾಲಾಯಿತು, ಅಲಯನ್ಸ್ ಏರ್ ಸರ್ಕಾರದ ಬಳಿ ಉಳಿಯಿತು, ಏಪ್ರಿಲ್ 15ರಿಂದ ಎರಡರ ಬುಕಿಂಗ್ ಬೇರೆಬೇರೆಯಾಯಿತು. ಸಣ್ಣ ಊರಿನಿಂದ ವಿದೇಶದವರೆಗೆ ಒಂದೇ ಟಿಕೆಟ್ ಕೊಡಬಲ್ಲ ಕೊಂಡಿ ಹೀಗೆ ಕಡಿಯಿತು.

ಕೊಂಡಿ ಕಡಿದರೆ ಆಗುವುದೇನು? ಮೊದಲನೆಯದು ಸಾಮಾನು. ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿಲೋ, ಅಮೆರಿಕದ ಟಿಕೆಟ್ಟಿಗೆ ಬಹುಮಟ್ಟಿಗೆ 23 ಕಿಲೋದ ಒಂದೆರಡು ಬ್ಯಾಗ್. ಎರಡೂ ಒಂದೇ ಟಿಕೆಟ್ಟಿನಲ್ಲಿದ್ದರೆ ಕೊಲ್ಲಾಪುರದಲ್ಲೇ ದೊಡ್ಡ ಮಿತಿ ನಡೆಯುತ್ತದೆ. ಬೇರೆಯಾದರೆ ಶೇಂಗಾ ಚಟ್ನಿ, ಅರಿಷಿಣ, ಕಡಕ್ ರೊಟ್ಟಿ ತುಂಬಿದ ಬ್ಯಾಗಿನ ಹೆಚ್ಚುವರಿ ತೂಕಕ್ಕೆ ಮೊದಲ ತಾಸಿನ ಹಾರಾಟದಲ್ಲೇ ದಂಡ ತೆರಬೇಕು, ಮುಂಬೈಯಲ್ಲಿ ಬ್ಯಾಗ್ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು. ಎರಡನೆಯದು ತಡ. ಒಂದೇ ಟಿಕೆಟ್ ಆದರೆ, ಕಂಪನಿಯ ಕಡೆಯಿಂದ ಆದ ತಡದಿಂದ ಮುಂದಿನ ವಿಮಾನ ತಪ್ಪಿದಾಗ ಬೇರೆ ವಿಮಾನದಲ್ಲಿ ಕಳಿಸುವ ಹೊಣೆ ಅದರದೇ. ಎರಡು ಟಿಕೆಟ್ ಆದರೆ ಎರಡನೇ ಕಂಪನಿಯ ಪಾಲಿಗೆ ನೀವು ಬಾರದ ಪ್ರಯಾಣಿಕ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದಾಗ ಮುಂದಿನ ಹಾರಾಟಕ್ಕೆ ಬೇರೆ ಟಿಕೆಟ್ ಇಟ್ಟುಕೊಂಡಿದ್ದವರ ನಷ್ಟವನ್ನು ತುಂಬಿಕೊಡುವ ಹೊಣೆ ಆ ಎರಡನೇ ಕಂಪನಿಗಳದ್ದಾಗಿರಲಿಲ್ಲ.

ಒಂದೇ ಟಿಕೆಟ್ಟಿಗೂ ತನ್ನದೇ ಕಟ್ಟುಪಾಡಿದೆ. ಮಳೆಗಾಲದಲ್ಲಿ ಕೊಲ್ಲಾಪುರದ ವಿಮಾನದ ಮೇಲೆ ಭರವಸೆ ಇಲ್ಲವೆಂದು ಬಸ್ಸಿನಲ್ಲೇ ಮುಂಬೈಗೆ ಹೋಗಿ ಅಲ್ಲಿಂದ ಹತ್ತುತ್ತೇನೆ ಎಂದು ಯಾರಿಗಾದರೂ ಅನಿಸಬಹುದು. ಮೊದಲ ತುಂಡು ಹಾರದಿದ್ದರೆ ಕಂಪ್ಯೂಟರ್ ಉಳಿದೆಲ್ಲ ತುಂಡುಗಳನ್ನೂ, ವಾಪಸು ಪ್ರಯಾಣವನ್ನೂ ಸೇರಿಸಿ, ರದ್ದು ಮಾಡುತ್ತದೆ. ಹಾಗೆ ಬದಲಿಸುವುದಿದ್ದರೆ ಮೊದಲೇ ಕಂಪನಿಗೆ ತಿಳಿಸಿ ಟಿಕೆಟ್ ಮರುಬರೆಸಬೇಕು. ವಾಪಸು ಬರುವಾಗ ಇನ್ನೊಂದು ಅನುಕೂಲ ಇದೆ. ಅಂತರರಾಷ್ಟ್ರೀಯ ಟಿಕೆಟ್ಟಿನಲ್ಲಿ ನಡುವಿನ ಊರಲ್ಲಿ 24 ತಾಸಿನೊಳಗಿನ ತಂಗುವಿಕೆ ಸಾಮಾನ್ಯವಾಗಿ ಸಂಪರ್ಕದ ಕಾಯುವಿಕೆ ಎಂದೇ ಲೆಕ್ಕ, ದರ ಏರುವುದಿಲ್ಲ. ನಡುರಾತ್ರಿ ಮುಂಬೈಗೆ ಇಳಿದವರು ನೆಂಟರ ಮನೆಯಲ್ಲಿ ಮಲಗಿ ಮರುದಿನದ ವಿಮಾನ ಹಿಡಿಯುವಂತೆ ಕೇಳಿ ತೆಗೆಸಬಹುದು. ಸಾಂಗ್ಲಿಯ ಟ್ರಾವೆಲ್ಸ್ ಅಂಗಡಿಯಲ್ಲಿ ಅನುಭವಿಯೊಬ್ಬರು ಕೂತಿದ್ದರೆ ಅವರಿಗೆ ಕೊಡುವ ಕಮಿಷನ್ ದಂಡವಲ್ಲ. ಮೊಬೈಲ್‌ನಲ್ಲಿ ಅಗ್ಗವಾಗಿ ಕಾಣುವ ಟಿಕೆಟ್ ಕೆಲವೊಮ್ಮೆ ಎರಡು ಟಿಕೆಟ್ಟುಗಳನ್ನು ಒಟ್ಟಿಗೆ ತೋರಿಸಿದ್ದಾಗಿರುತ್ತದೆ. ಪಿಎನ್‌ಆರ್ ಒಂದೋ ಎರಡೋ, ಬ್ಯಾಗಿಗೆ ಎಲ್ಲಿಯವರೆಗೆ ಚೀಟಿ ಅಂಟಿಸುತ್ತಾರೆ, ಈ ಎರಡನ್ನು ಹಣ ಕಟ್ಟುವ ಮೊದಲು ಕೇಳಬೇಕು.

ಭಾರತದ ವಿಮಾನಯಾನ ನಿರ್ದೇಶನಾಲಯ ತಡ, ರದ್ದು, ಹತ್ತಿಸಿಕೊಳ್ಳದಿರುವುದು, ಹಣ ಮರಳಿಸುವುದು ಇವಕ್ಕೆಲ್ಲ ನಿಯಮ ಮಾಡಿದೆ, 2016ರಲ್ಲಿ ಪರಿಹಾರದ ಮೊತ್ತವನ್ನೂ ಏರಿಸಿದೆ. ಇನ್ನೊಂದು ನಿಯಮವನ್ನು ಸರ್ಕಾರ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ. ಉಡಾನ್ ಮಾರ್ಗಕ್ಕೆ ಸಾರ್ವಜನಿಕರ ಹಣ ಪಡೆಯುವ ಕಂಪನಿ, ವಿದೇಶಕ್ಕೆ ಹಾರುವ ಒಂದು ಕಂಪನಿಯ ಜೊತೆಗಾದರೂ ಒಂದೇ ಟಿಕೆಟ್, ಒಂದೇ ಬ್ಯಾಗ್ ಚೀಟಿಯ ಒಪ್ಪಂದ ಮಾಡಿಕೊಂಡಿರಬೇಕು. ಕೊಲ್ಲಾಪುರ, ಬೆಳಗಾವಿ, ಕಲಬುರಗಿಯಂಥ ನಿಲ್ದಾಣಗಳ ಟೆಂಡರ್ ಷರತ್ತಿನಲ್ಲಿ ಇಷ್ಟನ್ನು ಸೇರಿಸಲು ಹೊಸ ಓಡುದಾರಿಯೂ ಬೇಡ, ಹೊಸ ಟರ್ಮಿನಲ್ಲೂ ಬೇಡ.